ಸ್ವಾಮಿ ಏರಿ ಬಂದ ಪ್ರಾಣಿ

ಸುಂಬಾ ದ್ವೀಪ, ೧೧ ಏಪ್ರಿಲ್ ೨೦೧೯, ಗುರುವಾರ

ಪೂಜ್ಯ ದೊಡ್ಡಪ್ಪ ಉಂಬು ಲಾಪು ಅವರಿಗೆ,

ನಾನು ಮಾಡಿದ ಸುವಾರ್ತೆಯ ಹೊಸ ಅನುವಾದ ನಿಮ್ಮ ರುಜು ಇಲ್ಲದೆ ಇವತ್ತೂ ಹಿಂತಿರುಗಿದೆ. ಇದು ನಾಲ್ಕನೆಯ ಸಲ. ಸಭೆಯ ಹಿರಿಯರಾದ ನೀವು ಒಪ್ಪದೆ ಅದು ಅಚ್ಚಾಗುವುದಿಲ್ಲ.

ಯೇಸುಸ್ವಾಮಿ ಯೆರೂಸಲೇಮಿಗೆ ಬಂದದ್ದು ಕತ್ತೆಮರಿಯ ಮೇಲೆ. ಅಜ್ಜ ಕತ್ತೆಯನ್ನು ಕಂಡಿರಲಿಲ್ಲ, ಹಾಗಾಗಿ ತಮ್ಮ ಕೈಬರಹದ ಅನುವಾದದಲ್ಲಿ ಕುದುರೆ ಎಂದು ಬರೆದರು. ಇಷ್ಟನ್ನು ಹೇಳಿದ್ದಕ್ಕೆ ನೀವು ಜಗಲಿಯಲ್ಲಿ ಎಲ್ಲರೆದುರು ಅಂದಿರಿ: “ಏನೇ ರಂಬು, ಒಂದು ಮದುವೆಗೆ ಮೂವತ್ತು ಕುದುರೆ ಕೊಡೋ ಜನ ನಾವು. ನಮ್ಮ ಸ್ವಾಮೀನ ಕತ್ತೆ ಮೇಲೆ ಕೂರಿಸ್ತೀಯಾ? ಚರ್ಚು ಸುಟ್ಟಾಗ ಆ ಪುಸ್ತಕಕ್ಕೆ ಬೆಂಕೀನೇ ತಾಗಲಿಲ್ಲ. ದೇವರೇ ಕಾಪಾಡಿದ ಮಾತಲ್ಲಿ ತಪ್ಪಿರುತ್ತಾ?”

ದೊಡ್ಡಪ್ಪ, ಆ ಬೆಂಕಿಯಲ್ಲಿ ನಿಮ್ಮ ಎಲೆಯಡಿಕೆ ಬುಟ್ಟಿಯೂ ಉಳಿಯಿತು. ದೇವರು ತನ್ನ ಮಾತನ್ನು ಕಾಪಾಡುತ್ತಾನೆಂದು ನಾನೂ ನಂಬುತ್ತೇನೆ. ನಮ್ಮ ಕೈತಪ್ಪುಗಳನ್ನೂ ಕಾಪಾಡುವುದು ಅವನ ಕೆಲಸವಲ್ಲ.

ಹೋದ ವರ್ಷ ಗದ್ದೆಯ ಜಗಳಕ್ಕೆ ನಮ್ಮ ಗಂಡಸರು ಈಟಿ ಹಿಡಿದು ಕುದುರೆ ಏರಿ ಹೊರಟಾಗ ನಾನು ತಮ್ಮನನ್ನು ತಡೆದೆ. “ಸ್ವಾಮೀನೂ ಕುದುರೆ ಏರೇ ಬಂದಿದ್ದು ಅಕ್ಕಾ, ಬಿಡು,” ಎಂದು ನಗುತ್ತ ಹೋದವನು ಹಿಂತಿರುಗಲಿಲ್ಲ. ಯುದ್ಧಕ್ಕಲ್ಲದೆ ಶಾಂತಿಗಾಗಿ ಬರುವ ರಾಜ ಏರುವುದು ಕತ್ತೆಯನ್ನು. ಅದನ್ನು ತೋರಿಸಲು ನಮ್ಮ ಪುಸ್ತಕದಲ್ಲಿ ನನಗೆ ಸಾಲು ಇರಲಿಲ್ಲ.

ಹಾಳೆಯನ್ನು ಮತ್ತೆ ಕಳಿಸಿದ್ದೇನೆ. ರುಜುವಿನ ಜಾಗವನ್ನು ಪೆನ್ಸಿಲಿನಲ್ಲಿ ಗುರುತಿಸಿದೆ. ದಯವಿಟ್ಟು ಕೈಯ ಎಲೆಯಡಿಕೆ ರಸ ಒರೆಸಿಕೊಂಡು ಮುಟ್ಟಿ.

ಈ ಗರಿಗಳ ಭಾನುವಾರ, ಸ್ವಾಮಿ ಯೆರೂಸಲೇಮಿಗೆ ಬಂದ ದಿನದ ಪಾಠ ಓದುವ ಸರದಿ ನನ್ನದು. ನೀವು ರುಜು ಹಾಕಿದರೂ ಹಾಕದಿದ್ದರೂ ನಾನು ಕತ್ತೆಮರಿ ಎಂದೇ ಓದುತ್ತೇನೆ.

ನಿಮ್ಮ ತಮ್ಮನ ಮಗಳು,
ರಂಬು ಹಾನಾ