ಹನ್ನೊಂದನೇ ಕರಡು

ಟ್ಯೂನಿಸ್, ನವೆಂಬರ್ ೧೪

ಗೆಳತಿ ದಲೆಂದಾ,

ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು ತಪ್ಪೊಪ್ಪಿಕೊಳ್ಳುತ್ತಿದ್ದೇನೆ: ಜೈಲಿನಲ್ಲಿರುವ ಶಿಹೇಬನಿಗೆಂದು ನೀನು ತುಂಬಿಕೊಟ್ಟ ಬುಟ್ಟಿಯಿಂದ ಖರ್ಜೂರ ತುಂಬಿದ ಮೂರು ಮಕ್ರೂದ್ ಮಿಠಾಯಿ ಕದ್ದು ತಿಂದವನು ನಾನೇ. ಅವನ ತಾಯಿಗೆ ಬುಟ್ಟಿ ತಲುಪಿಸುವ ದಾರಿಯಲ್ಲಿ, ಟ್ರಾಮಿನಲ್ಲಿ. ಹೇಗೂ ಕಾವಲಿನವರು ಒಂದೊಂದನ್ನೂ ಸೀಳಿ ನೋಡುತ್ತಾರೆ. ನಾನು ತಪಾಸಣೆಗೆ ಸಹಕರಿಸಿದೆ, ಅಷ್ಟೇ.

ನಗಲಿಲ್ಲ ಅಲ್ಲವೇ? ನನಗೂ ನಗು ಬರುತ್ತಿಲ್ಲ.

ಒಂದೇ ಬಾಡಿಗೆ ಮನೆಗೆ ಮೂರು ಬೋರ್ಡು ತೂಗುಹಾಕಿದವರು ನಾವು: ನಿನ್ನ ಮಹಿಳಾ ಸಂಘ, ಶಿಹೇಬ್ ಮತ್ತು ಉನ್ಸ್ ಕಟ್ಟಿದ ಕ್ವಿಯರ್ ಬಳಗ, ಗಂಡಸುತನದ ಮೇಲೆ ಪಾಠ ಹೇಳುವ ನನ್ನ ಅಧ್ಯಯನ ಕೇಂದ್ರ. ಮೂವರೂ ಒಪ್ಪದೆ ಒಂದು ಸಾಲೂ ಹೊರಬೀಳಬಾರದೆಂಬ ನಿಯಮವೂ ನಮ್ಮದೇ. ಗಂಡಸನ್ನು ಪ್ರೀತಿಸಿದ ತಪ್ಪಿಗೆ ಶಿಹೇಬನನ್ನು ಹಿಡಿದೊಯ್ದಾಗ ಹೇಳಿಕೆ ಬರೆಯಲು ಕೂತೆವು.

“ಸಲಿಂಗಪ್ರೇಮ ಅನ್ನೋ ಪದ ಬೇಡ. ಹೆಣ್ಮಕ್ಕಳ ಆಸ್ತಿ ಮಸೂದೆ ಸಂಸತ್ತಲ್ಲಿದೆ, ಅದಕ್ಕೆ ಕಲ್ಲು ಹಾಕ್ಬೇಡಿ” ಅಂದೆ ನೀನು.

“ಮತ್ತೆ ಅವನು ಯಾಕೆ ಒಳಗಿದಾನೆ ಅಂತ ಬರೀಲಿ ಅಕ್ಕಾ? ಸಿಗ್ನಲ್ ಹಾರಿದ್ದಕ್ಕಾ?” ಅಂದಳು ಉನ್ಸ್.

ಗಂಡಸರ ಸಂಕಟದ ಬಗ್ಗೆಯೂ ಒಂದು ಪ್ಯಾರಾ ಇರಲಿ ಎಂದೆ ನಾನು. “ನೋಡೇ, ಇಲ್ಲೂ ಇವನಿಗೊಂದು ಕುರ್ಚಿ ಬೇಕಂತೆ!” ಎಂದು ನೀನು ಉನ್ಸ್‌ಗೆ ಹೇಳಿದೆ, ಅವಳು ಹೂಂಗುಟ್ಟಿದಳು. ಆ ತಿಂಗಳಲ್ಲಿ ನೀವಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಕರಡು ಹೋಗಿ ಕರಡಿ ಕುಣಿತವಾಯಿತು. ಹನ್ನೊಂದನೆಯದಕ್ಕೆ ಮೂವರೂ ಸಹಿ ಹಾಕುವ ಹೊತ್ತಿಗೆ ಶಿಹೇಬನಿಗೆ ಎರಡು ವರ್ಷ ಶಿಕ್ಷೆಯಾಗಿ ಎರಡು ದಿನ ಕಳೆದಿತ್ತು.

ಆದರೂ ಒಂದು ಜಂಭ ಕೊಚ್ಚಿಕೊಳ್ಳುತ್ತೇನೆ. ಯಾರಾದರೂ ಒಬ್ಬರು ಬನ್ನಿ ಎಂದು ವಕೀಲರು ಅಂಗಲಾಚಿದಾಗ, ನೀವು ಪದ ತೂಗುತ್ತಿದ್ದ ಆ ಬೆಳಿಗ್ಗೆ, ಅವನ ಪರ ಸಾಕ್ಷಿಕಟ್ಟೆ ಹತ್ತಿದವನು ನಾನೊಬ್ಬನೇ. ಇಪ್ಪತ್ತು ವರ್ಷ ಬಿಡಿಸಿ ಬಿಡಿಸಿ ಪಾಠ ಹೇಳಿದ ಗಂಡಸುತನವನ್ನು ಒಂದು ದಿನ ಉಟ್ಟುಕೊಂಡು ಹೊರಟೆ.

ಮಂಗಳವಾರ ಮೇಲ್ಮನವಿಯ ವಿಚಾರಣೆ. ಕೆಮ್ಮಿದರೆ ರಕ್ತ ಬೀಳುತ್ತಿದೆ ಎಂದರು ಅವನ ತಾಯಿ. ಎರಡು ವರ್ಷ ಅವನು ತಾಳುವುದಿಲ್ಲ. ಈ ಸಲ ನೀನು ಬಾ, ಸಾಕ್ಷಿ ಹೇಳು. ಮಸೂದೆಗೆ ಪೆಟ್ಟು ಬೀಳಬಹುದೆಂದು ಗೊತ್ತಿದ್ದೇ ಕೇಳುತ್ತಿದ್ದೇನೆ.

ನಿನ್ನ ಬೈಗುಳಕ್ಕೆ ಸದಾ ಲಭ್ಯ,
ಮೊಂಧರ್

ತಾ.ಕ.: ನೀನೇ ಮತ್ತೆ ಹೋಗಬಾರದೇನೋ ಎಂದು ಕೇಳಿಯೇ ಕೇಳುತ್ತೀಯ. ಇವನು ನಿಮಗೆ ಏನಾಗಬೇಕು ಎಂದರು ನ್ಯಾಯಾಧೀಶರು. ಒಂಬತ್ತು ವರ್ಷ ಅವನ ಜೊತೆ ಒಂದೇ ಮೇಜಿನಲ್ಲಿ ಉಂಡವನು, “ಪ್ರಿಂಟರ್ ರಿಪೇರಿಗೆ ಬರ್ತಿದ್ದ, ಅಷ್ಟೇ ಪರಿಚಯ” ಅಂದುಬಿಟ್ಟೆ. ಶಿಹೇಬ್ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ, “ನಿಜ ಸ್ವಾಮಿ, ಇವರ ಹೆಸರೂ ನಂಗೆ ಸರಿಯಾಗಿ ಗೊತ್ತಿಲ್ಲ” ಎಂದು ನನ್ನನ್ನು ಬಿಡಿಸಿದ.