ಮೂರನೆಯ ಹೆಣ ಬೇಡ

ನವೆಂಬರ್ 3, ಸೋಮವಾರ. ಮಧ್ಯಾಹ್ನ

ರೊಟ್ಟಿ ಮುಗಿಯಿತು. ಗಿರಣಿಯ ಫಸ್ಟ್ ಶಿಫ್ಟಿನವರು ಇಂದು ಜಾಸ್ತಿ ಬಂದಿದ್ದರು. ಎಣಗಾಯಿ ಪಾತ್ರೆ ಬಳಿದುಕೊಂಡು ತಿಂದರು. ಅಂಬೇವಾಡಿಯಲ್ಲಿ ಖಾನಾವಳಿಗೆ ಬರವಿಲ್ಲ, ಆದರೆ ರೊಟ್ಟಿ ಅಂದರೆ ಈ ಅನ್ನಪೂರ್ಣಾಳದೇ. ಜಂಬ ಅಂದರೆ ಜಂಬ. ಇದನ್ನು ಯಾರು ಓದುತ್ತಾರೆ.

ಗದ್ದಲ ಇಳಿದ ಮೇಲೆ ಜಮುನಾಬಾಯಿ ಬಂದಳು. ದೇವರಾಜನ ತಾಯಿ. ಮುಂಡಗೋಡದ ತಾಂಡಾದಿಂದ, ಬಸ್ಸು ಬದಲಿಸಿಕೊಂಡು. ನನ್ನ ಅಕ್ಕ ಲಕ್ಷ್ಮಿ, ಭಾವ — ಇಬ್ಬರನ್ನೂ ಹಳಿಯಾಳದ ಹೊಲದ ಮನೆಯಲ್ಲಿ ಕೊಂದ ಅಂತ ಅವಳ ಮಗನಿಗೆ ಗಲ್ಲು ಶಿಕ್ಷೆ ಆಗಿದೆ. ಕೊಲೆಯಾಗಿ ಒಂಬತ್ತು ವರ್ಷ. ದಿಲ್ಲಿ ಕೋರ್ಟೂ ಗಲ್ಲನ್ನೇ ಖಾಯಂ ಮಾಡಿತು ಅಂತ ಮೊನ್ನೆ ಪೇಪರಿನಲ್ಲಿ ಬಂತು. ಇನ್ನು ಉಳಿದದ್ದು ಕ್ಷಮಾದಾನದ ಅರ್ಜಿ. ಮೊದಲು ರಾಜ್ಯಪಾಲರಿಗೆ, ಆಮೇಲೆ ರಾಷ್ಟ್ರಪತಿಗೆ.

"ಸತ್ತವರ ಮನಿಯವ್ರು ಒಂದು ಮಾತು ಬರದು ಕೊಟ್ರ ತೂಕ ಬರ್ತೈತಿ ಅಂತಾರ್ರಿ ವಕೀಲರು," ಅಂದಳು. ಅಳಲಿಲ್ಲ. ಕಾಲಿಗೂ ಬೀಳಲಿಲ್ಲ. "ನನ್ನ ಮಗ ಮಾಡಿಲ್ರಿ. ಮಾಡಿದ್ರ ನಾ ನಿಮ್ಮ ಮುಂದ ಬಂದು ನಿಲ್ತಿದ್ದಿಲ್ಲ."

ಆ ಮಾತು ಹಿಡಿಸಿತು. ಅತ್ತು ಕರೆದಿದ್ದರೆ ಎದ್ದು ಹೋಗು ಅನ್ನುತ್ತಿದ್ದೆನೋ ಏನೋ.

ನವೆಂಬರ್ 5, ಬುಧವಾರ. ಗೌರಿ ಹುಣ್ಣಿಮೆ

ಅವನೇ ಮಾಡಿದ ಅಂತ ನಾನು ಎಂದೂ ನಂಬಿಲ್ಲ. ದೇವರಾಜ ಅಕ್ಕನ ಮನೆಯ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಬೆಳಿಗ್ಗೆ ಹೆಣ ಮೊದಲು ಕಂಡವನು ಅವನು, ಎತ್ತಿದವನೂ ಅವನು. ಅಂಗಿಗೆ ರಕ್ತ ಹತ್ತದೆ ಇರುತ್ತದೆಯೇ? ಅಕ್ಕನ ಬೋರಮಾಳ ಸರ ಇಂದಿಗೂ ಸಿಕ್ಕಿಲ್ಲ, ಅವನ ಮನೆಯ ನೆಲ ಅಗೆದು ನೋಡಿದರೂ. ಆಗಲೇ ಹೇಳಿದ್ದೆ. "ಹೆಣ್ಮಕ್ಕಳಿಗೆ ಏನ್ ತಿಳೀತೈತಿ" ಅಂದರು. ತಿಳಿಯುತ್ತದೆ.

ಅವನಿಗೆ ಗಲ್ಲು ತಂದದ್ದು ಸೋಮಪ್ಪ ಕಾಕಾನ ಸಾಕ್ಷಿ. ಪಕ್ಕದ ಹೊಲ ಕಾಯುವವನು. ಅವತ್ತು ರಾತ್ರಿ ದೇವರಾಜ ಓಡಿಹೋದದ್ದನ್ನು ಕಂಡೆ ಅಂತ ಕೋರ್ಟಿನಲ್ಲಿ ಹೇಳಿದ.

ಇಂದು ಮನೆಯಲ್ಲಿ ಎಲ್ಲಮ್ಮನ ಪಡ್ಡಲಗಿ, ನೈವೇದ್ಯದ ಬುಟ್ಟಿ, ತುಂಬಿಸಿದೆವು. ಮೊದಲೆಲ್ಲ ಕಾಕಾ ತಪ್ಪದೆ ಬರುತ್ತಿದ್ದ, ಹಣೆ ತುಂಬ ದೇವಿಯ ಅರಿಸಿನ, ಭಂಡಾರ, ಬಳಿಸಿಕೊಂಡು ಹೋಗುತ್ತಿದ್ದ. ಸಾಕ್ಷಿ ಹೇಳಿದ ಮೇಲೆ ಒಮ್ಮೆಯೂ ಬಂದಿಲ್ಲ. ಮೊಣಕಾಲು ನೋವಂತೆ. ಅಳ್ನಾವರದ ಸಂತೆಗೆ ಹೋಗುವಾಗ ಮೊಣಕಾಲು ಸುಮ್ಮನಿರುತ್ತದೆ.

ಭಂಡಾರ ಮುಟ್ಟಿ ಸುಳ್ಳು ಹೇಳುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿಟ್ಟಿದ್ದೇನೆ. ನೋಡೋಣ.

ನವೆಂಬರ್ 10, ಸೋಮವಾರ

ನಿನ್ನೆ ಬರೆಯಲು ಆಗಲಿಲ್ಲ.

ಖಾನಾವಳಿಗೆ ರಜೆ ಕೊಟ್ಟು ಹಳಿಯಾಳಕ್ಕೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಪೊಟ್ಟಣ ಬಿಚ್ಚಿ ಅವನ ಮುಂದಿಟ್ಟೆ.

"ಮುಟ್ಟಿ ಹೇಳು ಕಾಕಾ. ಅವತ್ತ ಕಂಡಾಂವ ದೇವರಾಜನ ಹೌದಿಲ್ಲೋ?"

"ಕೋರ್ಟಿನಾಗ ಹೇಳೇನಲ್ಲ ತಂಗಿ."

"ಅಲ್ಲಿ ಹೇಳಿದ್ದನ್ನ ಇಲ್ಲಿ ಹೇಳು. ಅಷ್ಟ."

ಕೈ ತೊಡೆ ಬಿಟ್ಟು ಮೇಲೆ ಬರಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ ಅಂದ — "ಕತ್ತಲಿತ್ತವ್ವಾ. ಯಾರೋ ಓಡಿದಂಗಾತು. ಮುಂಜಾನೆ ನಿಮ್ಮಣ್ಣ ಬಂದು ನನ್ನ ಹೆಗಲ ಹಿಡದು ಅಳ್ಳಾಡಿಸಿದ. ದೇವರಾಜನ ಹೌದಲ್ಲ, ಅವನ ಹೌದಲ್ಲ ಅಂದ. ಹೂಂ ಅಂದೆ. ಪೊಲೀಸ್ರು ಬರಕೊಂಡ್ರು. ಒಮ್ಮೆ ಹೂಂ ಅಂದ ಮ್ಯಾಲ..."

ನನ್ನ ಅಣ್ಣ ಚನಬಸಪ್ಪ.

ಬರೆದು ಕೊಡುತ್ತೀಯಾ ಅಂತ ಕೇಳಿದೆ. "ನಾ ಒಬ್ಬನ ಬರದು ಕೊಟ್ರ ಸುಳ್ಳ ಸಾಕ್ಷಿ ಅಂತ ಒಳಗ ಹಾಕ್ತಾರ. ನಿಮ್ಮಣ್ಣ ತಾ ಹಂಗ ಕೇಳಿದ್ದು ಖರೆ ಅಂದ್ರ ನಾನೂ ಅಂತೇನಿ."

ಅಲ್ಲಿಂದ ಸೀದಾ ಅಣ್ಣನ ಮನೆಗೆ. ತವರು ಅಂತ ಇರುವುದು ಅದೊಂದೇ. ಎಲ್ಲ ಕೇಳಿಸಿಕೊಂಡ. ಕಾಕಾನಿಗೆ ನಾನು ಹಾಗೆ ಅಂದೇ ಇಲ್ಲ ಅನ್ನಲಿಲ್ಲ — ಅಷ್ಟು ಸಣ್ಣವನಲ್ಲ ನನ್ನ ಅಣ್ಣ. "ನಮ್ಮ ಮನಿತನದಾಗ ಆಡಿದ ಮಾತ ನುಂಗಿದವ್ರು ಯಾರೂ ಇಲ್ಲ," ಅಂದ.

"ಆಡಿದ ಮಾತ ತಪ್ಪಿದ್ರ?"

"ಲಕ್ಷ್ಮಿ ರಕ್ತ ಮರತಿ ನೀ. ಆ ಅರ್ಜಿಗೆ ಸಹಿ ಮಾಡಿದ್ರ ಈ ಹೊಸ್ತಲಾ ತುಳಿಬ್ಯಾಡ."

ಅತ್ತಿಗೆ ಕುಂಕುಮ ತಂದಳು. ಅಣ್ಣ ಅವಳನ್ನು ಒಳಗೆ ಕರೆದ. ಕುಂಕುಮ ಇಲ್ಲದೆ ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. ಯಾರಿಗೂ ಕಾಣದ ಹಾಗೆ ಕಿಟಕಿ ಕಡೆ ತಿರುಗಿದೆ.

ನವೆಂಬರ್ 16, ಭಾನುವಾರ

ಜಮುನಾಬಾಯಿಯ ಜೊತೆ ಧಾರವಾಡಕ್ಕೆ, ವಕೀಲರ ಹತ್ತಿರ. ಅವರು ಮೊದಲೇ ಒಂದು ಕಾಗದ ಟೈಪ್ ಮಾಡಿಸಿಟ್ಟಿದ್ದರು. ಬಡ ತಾಯಿ, ಒಬ್ಬನೇ ಮಗ, ದಯೆ ತೋರಿ... ಜಮುನಾಬಾಯಿ ತಲೆ ತಗ್ಗಿಸಿದಳು. ಕಾಗದ ಪಕ್ಕಕ್ಕಿಟ್ಟು ಪೆನ್ನು ಇಸಿದುಕೊಂಡೆ. ಬರೆದದ್ದು ಇಷ್ಟೇ —

"ನಾನು ಅನ್ನಪೂರ್ಣಾ, ಕೊಲೆಯಾದ ಲಕ್ಷ್ಮಿಯ ತಂಗಿ. ಕೊಂದವನನ್ನು ಬಿಡಿ ಎಂದು ಕೇಳುತ್ತಿಲ್ಲ. ಕೊಂದವನು ಇವನೇ ಎಂಬ ನಂಬಿಕೆ ನನಗಿಲ್ಲ. ನನ್ನ ಅಕ್ಕನ ಹೆಸರಿನಲ್ಲಿ ಮೂರನೆಯ ಹೆಣ ಬೀಳಿಸಬೇಡಿ."

ಅರ್ಜಿಯ ಭಾಷೆ ಹೀಗಿರುವುದಿಲ್ಲ ಅಂದರು ವಕೀಲರು. ಇರಲಿ ಅಂದೆ. ಸಹಿ ಮಾಡಿದೆ. ದಪ್ಪಗೆ ಮಾಡಿದೆ.

ಅಣ್ಣನ ವಿಷಯ ಹೇಳಲೋ ಬೇಡವೋ... ಹೇಳಿದೆ. ವಕೀಲರು ನೆಟ್ಟಗೆ ಕೂತರು. ಅಣ್ಣ, ಸೋಮಪ್ಪ ಇಬ್ಬರೂ ಬರೆದು ಕೊಟ್ಟರೆ ಅರ್ಜಿಗೆ ಜೀವ ಬರುತ್ತದೆ, ಇಲ್ಲದಿದ್ದರೆ ಇದು ನಿಮ್ಮ ನಂಬಿಕೆ ಮಾತ್ರ ಅಂದರು. ಈ ತಿಂಗಳ ಕೊನೆಗೆ ಅರ್ಜಿ ಹೋಗಲೇಬೇಕಂತೆ.

ನವೆಂಬರ್ 23, ಭಾನುವಾರ. ಸಂಜೆ

ಅಣ್ಣನಿಂದ ಸುದ್ದಿಯಿಲ್ಲ. ನಾನೂ ಫೋನ್ ಮಾಡಿಲ್ಲ.

ಜಮುನಾಬಾಯಿ ಹಿಂಡಲಗಾ ಜೈಲಿಗೆ ಹೋಗಿ ಮಗನನ್ನು ನೋಡಿ ಬಂದಳು. ನನ್ನ ತವರು ಮುರಿದದ್ದನ್ನು ಅವನಿಗೆ ಹೇಳಿಬಿಟ್ಟಿದ್ದಾಳೆ. ಅದಕ್ಕೆ ಅವನು — "ನನ್ನ ಸಲುವಾಗಿ ಅಣ್ಣ ತಂಗಿ ಬ್ಯಾರೆ ಆಗೂದು ಬ್ಯಾಡ. ಅಕ್ಕಾರಿಗೆ ಕಾಗದ ಹಿಂದಕ್ಕ ತಗೋರಿ ಅಂತ ಹೇಳು." ಜೀವ ಹೋಗುವ ಹೊತ್ತಿನಲ್ಲಿ ಹೀಗೆ ಅಂದವನು. ಇಂಥ ಮಗನನ್ನು ಹೆತ್ತವಳ ಪಕ್ಕದಲ್ಲಿ ಕೂತಿದ್ದೇನೆ ಅಂತ ಎದೆ ತುಂಬಿ ಬಂತು. ಅವಳಿಗೂ ಹೇಳಿದೆ. ಆಗ ಅತ್ತಳು, ಇಷ್ಟು ದಿನದಲ್ಲಿ ಮೊದಲ ಸಲ.

ಕಾಗದ ಹಿಂದಕ್ಕೆ ತಗೊಳ್ಳುವ ಮಾತೇ ಇಲ್ಲ. ಅತ್ತಿಗೆಗೆ ಫೋನ್ ಮಾಡಿ ದೇವರಾಜ ಅಂದದ್ದನ್ನು ಅಂದ ಹಾಗೇ ಹೇಳಿದೆ. ಬೇರೇನೂ ಹೇಳದೆ ಇಟ್ಟೆ.

ನವೆಂಬರ್ 27, ಗುರುವಾರ. ಮಧ್ಯಾಹ್ನ

ಅವಸರದಲ್ಲಿ ಬರೆಯುತ್ತಿದ್ದೇನೆ. ಸೀರೆ ಬದಲಿಸುವ ನೆಪ ಹೇಳಿ ಒಳಗೆ ಬಂದೆ.

ಅಣ್ಣ ಬಂದಿದ್ದಾನೆ. ಮನೆಯೊಳಗೆ ಬರಲಿಲ್ಲ. ಗಿರಣಿಯವರ ಸಾಲಿನಲ್ಲಿ ಬೆಂಚಿನ ಮೇಲೆ ಕೂತ, ಗಿರಾಕಿಯ ಹಾಗೆ. ನಾನೂ ಮಾತಾಡಲಿಲ್ಲ. ಅವನು ಹುಟ್ಟಿದ ಮನೆಯಲ್ಲೇ ನಾನೂ ಹುಟ್ಟಿದ್ದು. ರೊಟ್ಟಿ ಬಡಿಸಿದೆ. ತಲೆ ಎತ್ತದೆ ತಿಂದ. ಮತ್ತೊಂದು ಹಾಕಿದೆ, ಬೇಡ ಅನ್ನಲಿಲ್ಲ.

ಕೈ ತೊಳೆದು, ಒರೆಸಿಕೊಳ್ಳದೆ ಅಲ್ಲೇ ನಿಂತ. ಸಾಲಿನಲ್ಲಿದ್ದವರೆಲ್ಲ ಕೇಳುವ ಹಾಗೆ ಅಂದ — "ಸೋಮಪ್ಪ ಹೊರಗ ಕುಂತಾನ. ಅವಂಗೂ ಊಟಕ್ಕ ಹಾಕು. ಅವತ್ತ ಅವನ ಬಾಯಾಗ ಆ ಹೆಸರ ಇಟ್ಟಾಂವ ನಾನ." ನನ್ನ ಕಡೆ ತಿರುಗಿ, "ಧಾರವಾಡದ ಬಸ್ಸು ಎಷ್ಟಕ್ಕೈತಿ?"

ಎರಡೂವರೆಗೆ ಅಂದೆ. ಬಾಯಿಂದ ಬಂದದ್ದು ಅಷ್ಟೇ. ನೋಡ್ರೋ, ಇವನು ನನ್ನ ಅಣ್ಣ, ಅಂತ ಅಂಬೇವಾಡಿಗೆಲ್ಲ ಕೂಗಿ ಹೇಳಬೇಕು ಅನ್ನಿಸಿತು. ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತೇನೆ. ಜಮುನಾಬಾಯಿಗೆ ಫೋನ್ ಮಾಡಿ — ಅಣ್ಣ ಕರೆಯುತ್ತಿದ್ದಾನೆ, "ಅನ್ನವ್ವಾ, ಲಗೂನ ಬಾ," ಅಂತ, ಸಣ್ಣವರಿದ್ದಾಗ ಕರೆದ ಹಾಗೆ.