ಐವತ್ತು ದಾಟಿದವರು ಕಾಲುವೆ ನೋಡಬಾರದೇ?

ಮಸೂತಿ, ೧೪ ಜನವರಿ ೧೯೬೨. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ನಲವತ್ತು ರೈತರು ಮುಂದಿನ ಸೋಮವಾರ ಮಂಡ್ಯದ ಕಡೆ ಹೊರಡುತ್ತಾರೆ. ಪಟ್ಟಿ ನಿನ್ನೆ ಬಂತು.

ರೈತರ ಪರಸ್ಪರ ಭೇಟಿ ಪ್ರವಾಸದ ಸಂಘಟನಾಧಿಕಾರಿಗಳೇ,

ನಮ್ಮೂರಿನ ಮೀರಾಸಾಬರ ಹೆಸರನ್ನು ನೀವು ಕೆಂಪು ಮಸಿಯಲ್ಲಿ ಹೊಡೆದಿದ್ದೀರಿ. ಪಕ್ಕದಲ್ಲಿ ‘ವಯಸ್ಸು ಐವತ್ತು ಮೀರಿದೆ, ಪ್ರವಾಸದ ಶ್ರಮ ತಾಳಲಾರರು’ ಎಂಬ ಷರಾ ಇದೆ. ತಾಳುತ್ತಾರೋ ಇಲ್ಲವೋ ಎಂದು ಅವರನ್ನು ಯಾರಾದರೂ ಕೇಳಿದರೇ?

ನಿಮ್ಮ ಕಚೇರಿಗೆ ಹಿರಿಯರ ಮೇಲೆ ಗೌರವವಿಲ್ಲವೆಂದು ನಾನು ಹೇಳುವುದಿಲ್ಲ. ಕಳೆದ ವರ್ಷ ಮಂಡ್ಯದ ರೈತರು ನಮ್ಮಲ್ಲಿಗೆ ಬಂದಾಗ ಸತ್ಕಾರ ಸಮಿತಿಗೆ ನೀವು ಹುಡುಕಿ ಹುಡುಕಿ ನೇಮಿಸಿದ್ದು ಹಿರಿಯರನ್ನೇ. ಬಂದವರಿಗೆ ಉಣಬಡಿಸಲು ವಯಸ್ಸು ಅಡ್ಡಿಯಾಗಲಿಲ್ಲ. ಅವರ ಮನೆಗೆ ಹೋಗಿ ಉಣ್ಣಲು ಅಡ್ಡಿಯಾಯಿತು.

ಆ ಅತಿಥಿಗಳಿಗೆ ಹಗೇವು ತೋರಿಸಿದವರು ಮೀರಾಸಾಬರು. ನೆಲದೊಳಗೆ ಜೋಳ ತುಂಬಿಟ್ಟ ಆ ಕುಣಿಯ ಬಾಯಿ ತೆಗೆದು, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಒಳಗಿಳಿಸಿದರು. ದೀಪ ಆರಿತು. ಅಷ್ಟರಲ್ಲಿ ಅತಿಥಿ ಬೋರೇಗೌಡರು ಕಾಲು ಇಳಿಬಿಟ್ಟಿದ್ದರು. ಮೀರಾಸಾಬರು ಅವರ ರಟ್ಟೆ ಹಿಡಿದು ಎಳೆದು ಕೂರಿಸಿದರು.

“ಗೌಡ್ರ, ಜೋಳದ ಸಂಗಾಟ ನಿಮ್ಮನ್ನೂ ಹೂಳೂಣೇನು? ದೀಪಕ್ಕ ಉಸುರು ಸಾಲವಲ್ದು, ನಿಮಗ ಸಾಲತೈತೇನು?”

ಬೋರೇಗೌಡರು ಬೆವರೊರೆಸಿಕೊಂಡು, “ಸಾಯೇಬ್ರೇ, ನಮ್ಮೂರ್‌ಗೆ ಬನ್ನಿ. ಕಾಲ್ವೇಲಿ ಕಾಲಿಟ್ಕಂಡು ಕೂತ್ಕಳಿ. ಅಲ್ಲಿ ನಾನು ನಿಮ್ಮನ್ನ ಹಿಡ್ಕತೀನಿ” ಎಂದರು.

“ಬರ್ತೇನ್ರಿ. ಬ್ಯಾಸಗ್ಯಾಗೂ ಹರಿಯೂ ನೀರು ನಾ ಕಂಡಿಲ್ಲ.”

ಬೋರೇಗೌಡರಿಗೂ ಅರವತ್ತು ದಾಟಿತ್ತು. ಅವರು ಬಂದರು, ನಾಲ್ಕು ದಿನವಿದ್ದರು, ಸುಖವಾಗಿ ಮರಳಿದರು. ಐವತ್ತರ ನಿಯಮ ಹುಟ್ಟಿದ್ದು ಆಮೇಲೆ.

ಇನ್ನು ನನ್ನ ಪಾಲಿನ ತಪ್ಪು. ಊರಿನ ಶಾಲಾ ಮಾಸ್ತರನಾಗಿ ಎಲ್ಲರ ಅರ್ಜಿ ತುಂಬಿದವನು ನಾನು. ಹುಟ್ಟಿದ ತಾರೀಖು ನಮ್ಮಲ್ಲಿ ಯಾರಿಗೆ ಗೊತ್ತು? ಎಲ್ಲರೂ “ನಲವತ್ತಂತ ಬರಕೋರಿ” ಎಂದರು, ಬರೆದುಕೊಂಡೆ. ಅವರಲ್ಲೊಬ್ಬರ ಮೊಮ್ಮಗನಿಗೆ ಮದುವೆಯಾಗಿದೆ. ಹೆಸರು ಹೇಳಲಾರೆ, ಅವರು ನಿಮ್ಮ ಪಟ್ಟಿಯಲ್ಲಿ ಸುರಕ್ಷಿತವಾಗಿದ್ದಾರೆ. ಮೀರಾಸಾಬರು ಮಾತ್ರ, “ಪಿಳೇಗಿನ್ಯಾಗ ಊರು ಬಿಟ್ಟು ಹೊಲದಾಗ ಗುಡಸಲಾ ಹಾಕಿದ್ರಲ್ಲ, ಅವಾಗ ನಾ ಕುರಿ ಕಾಯತಿದ್ದೆ” ಎಂದರು. ಪ್ಲೇಗು ಬಂದ ವರ್ಷದಿಂದ ನಾನು ಕೂತು ಲೆಕ್ಕ ಹಾಕಿ ಅರವತ್ತೆಂಟು ಎಂದು ಬರೆದೆ. ನಿಖರವಾಗಿ ಬರೆದೆನೆಂದು ಆ ಸಂಜೆ ಸಮಾಧಾನವೂ ಆಗಿತ್ತು.

ಅವರ ಎಡಗಣ್ಣಿಗೆ ಪೊರೆ ಪೂರ್ತಿ ಬಂದಿದೆ. ಬಲಗಣ್ಣು ಮಬ್ಬಾಗುತ್ತಿದೆ. ಮುಂದಿನ ವರ್ಷ ನೋಡೋಣ ಎಂದು ನಿಮ್ಮ ಗುಮಾಸ್ತರು ಹೇಳಿದರು. ಏನನ್ನು ನೋಡುವುದು, ಯಾವ ಕಣ್ಣಿನಿಂದ?

ನಿನ್ನೆ ಸುದ್ದಿ ಹೇಳಲು ಹೋದೆ. ಮೀರಾಸಾಬರು ಹೊಸದಾಗಿ ಹೊಲಿಸಿದ್ದ ಅಂಗಿಯನ್ನು ಮಡಿಚಿ ಹೆಂಡತಿಯ ಕೈಗೆ ಕೊಟ್ಟರು. ಆಕೆ, ಸಾಬೀರಾ, ನನ್ನನ್ನು ಕೇಳಿದರು: “ಮಾಸ್ತರ, ನೀವಽ ಬರದ ಅಕ್ಷರ ನಿಮಗಽ ಅಳಸಾಕ ಬರೂದಿಲ್ಲೇನ್ರಿ?”

ಐವತ್ತರ ನಿಯಮವನ್ನು ತೆಗೆದುಹಾಕಿ. ಬಸ್ಸಿನ ಮೆಟ್ಟಿಲು ಎತ್ತರವಾದರೆ ಕೆಳಗೊಂದು ಮಣೆ ಇಡಿ. ಒಂದೇ ಓಟದ ಬದಲು ದಾರಿಯಲ್ಲಿ ಎರಡು ಕಡೆ ತಂಗಿಸಿ. ದಾರಿಯಲ್ಲಿ ಹೆಚ್ಚುಕಡಿಮೆಯಾದರೆ ಯಾರು ಹೊಣೆ ಎಂಬುದು ನಿಮ್ಮ ಭಯವಾದರೆ, ಜೊತೆಗಾರನೊಬ್ಬನ ಹೆಸರು ಬರೆದುಕೊಳ್ಳಿ. ಇವು ಯಾವುವೂ ಸರ್ಕಾರದ ಶಕ್ತಿ ಮೀರಿದ ಕೆಲಸಗಳಲ್ಲ.

ತಂಡದ ಬರಹಗಾರನೆಂದು ನನಗೂ ಒಂದು ಜಾಗ ಕೊಟ್ಟಿದ್ದೀರಿ. ಸೋಮವಾರ ಆ ಜಾಗದಲ್ಲಿ ಮೀರಾಸಾಬರನ್ನು ಕೂರಿಸಿ ನಾನು ಬಸ್ಸು ಹೊರಡುವ ಬಾಗೇವಾಡಿಯಲ್ಲೇ ಉಳಿಯುವುದೆಂದು ತೀರ್ಮಾನಿಸಿದ್ದೇನೆ. ಅವರಿಗೆ ಇನ್ನೂ ಹೇಳಿಲ್ಲ. ಇಳಿಸಲೇಬೇಕೆಂದಿದ್ದರೆ ಗುಮಾಸ್ತರನ್ನು ಕಳಿಸಬೇಡಿ. ನೀವೇ ಬಂದು, ಅವರ ಕೈ ಹಿಡಿದು ಇಳಿಸಿ.

ಇಂತಿ,
ಮೊದಲ ಸಲ ನಿಯಮ ಮುರಿಯಲು ಹೊರಟಿರುವ
ವಾಚನಾಲಯದ ಕಾರ್ಯದರ್ಶಿ, ಮಸೂತಿ